ಬನಶಂಕರಿಯ ಬುತ್ತಿ, ಭಾನುವಾರದ ಎಣ್ಣೆಗಾಯಿ

ಬಾದಾಮಿ ಎಂದ ಕೂಡಲೆ ನಿಮಗೆ ಏನು ನೆನಪಾಗುತ್ತದೆ? ಕೆಂಪು ಬಂಡೆ, ಗುಹೆ, ಹದಿನೆಂಟು ಕೈಯ ನಟರಾಜ, ಅಗಸ್ತ್ಯತೀರ್ಥದ ಹಸಿರು ನೀರು, ಅಲ್ಲವೆ? ನನಗೆ ಮಾತ್ರ ಮೊದಲು ನೆನಪಾಗುವುದು ಬೆಳಗಿನ ಜಾವ ಕೇಳಿಬರುವ ರೊಟ್ಟಿ ಬಡಿಯುವ ಸದ್ದು. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರು. ಆ ಸದ್ದಿಗೆ ಎಚ್ಚರವಾದ ಮೇಲೆ ಮತ್ತೆ ನಿದ್ದೆ ಬರುವುದಿಲ್ಲ, ಹಸಿವು ಬರುತ್ತದೆ.

ನನ್ನ ತಂಗಿಯನ್ನು ಕೊಟ್ಟಿರುವುದು ಈ ಊರಿಗೆ. ನಾವು ಅರಸೀಕೆರೆ ಕಡೆಯವರು. ಮದುವೆಯಾದ ಹೊಸತರಲ್ಲಿ "ಸಾರು ಇಲ್ಲದೆ ಊಟ ಹೇಗೆ ಮಾಡೋದಕ್ಕಾ" ಎಂದು ಕಾಗದ ಬರೆದು ಅತ್ತವಳು, ಈಗ ನಮ್ಮ ಮನೆಗೆ ಬಂದರೆ "ಇದೇನ ನೀರ ಬಡಸ್ತೀಯ" ಎಂದು ನನ್ನ ತಿಳಿಸಾರನ್ನೇ ಆಡಿಕೊಳ್ಳುತ್ತಾಳೆ. ನೀರು, ನೆಲ ಮನುಷ್ಯರನ್ನು ಹೇಗೆ ಬದಲಾಯಿಸುತ್ತದೆ ನೋಡಿ.

ಹೋಗುವುದು ಕಷ್ಟವೇನಿಲ್ಲ. ಮೈಸೂರಿನಿಂದ ಪಂಢರಪುರಕ್ಕೆ ಹೋಗುವ ಗೋಲ್‌ಗುಂಬಜ್ ರೈಲು ಹುಬ್ಬಳ್ಳಿ, ಗದಗದ ಮೇಲೆ ಬಾದಾಮಿಗೆ ಮುಟ್ಟಿಸುತ್ತದೆ. ಸ್ಟೇಷನ್ನಿನಿಂದ ಊರು ಸುಮಾರು ಐದು ಕಿಲೋಮೀಟರು, ಆಟೋ ಟಾಂಗಾ ಎರಡೂ ಉಂಟು. ಗದಗ ದಾಟಿದ ಮೇಲೆ ಕಿಟಕಿಯ ಪಕ್ಕ ಕೂತರೆ ಕರಿಯ ಎರೆಮಣ್ಣಿನಲ್ಲಿ ಆಳೆತ್ತರದ ಬಿಳಿಜೋಳ ಕಾಣುತ್ತದೆ. ಹಿಂಗಾರಿನಲ್ಲಿ, ಮಳೆ ನಿಂತ ಮೇಲೆ, ಬರೀ ಮಣ್ಣಿನ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆಯುವ ಜೋಳ ಇದು. ಗುಹೆಗಳ ವಿಷಯ ನಾನು ಬರೆಯಲಾರೆ, ಅದಕ್ಕೆ ದಪ್ಪ ದಪ್ಪ ಪುಸ್ತಕಗಳಿವೆ. ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ ಎಂಬುದನ್ನು ಮಕ್ಕಳಿಗೆ ತೋರಿಸಿ. ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಮಾತ್ರ ಮೆಟ್ಟಿಲು ಹತ್ತಬೇಡಿ. ಕೋತಿಗಳು ನಿಮಗಿಂತ ಮೊದಲೇ ಹತ್ತಿ ಕಾದಿರುತ್ತವೆ.

ನಾನು ಹೇಳಹೊರಟಿದ್ದು ಬನಶಂಕರಿಯ ಮಾತು. ಬಾದಾಮಿಯಿಂದ ಐದು ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಹತ್ತಿರ, ದೇವಿಯ ಗುಡಿ ಇದೆ. ಗುಡಿಯ ಎದುರಿಗೆ ಕಲ್ಲುಮಂಟಪಗಳ ಸಾಲು ಸುತ್ತುವರಿದ ದೊಡ್ಡ ಹೊಂಡ, ಹರಿದ್ರಾತೀರ್ಥ. ಈ ತಾಯಿಗೆ ಶಾಕಂಭರಿ ಎಂದೂ ಹೆಸರು. ನೂರು ವರ್ಷ ಮಳೆ ಇಲ್ಲದೆ ಲೋಕವೆಲ್ಲ ಒಣಗಿ ಕೂತಾಗ ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ ಮಕ್ಕಳಿಗೆ ಉಣಿಸಿದಳಂತೆ. ದೇವತೆಗಳು ಶಂಖ, ಚಕ್ರ, ತ್ರಿಶೂಲ ಹಿಡಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಮನೆಯಲ್ಲಿ ಏನೂ ಇಲ್ಲದ ಹೊತ್ತಿನಲ್ಲಿ ಪಲ್ಯ ಹೊಂದಿಸಿದ ದೇವಿಯ ಕಥೆ ಅಡಿಗೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಇಲ್ಲಿ ತೇರು. ಅದಕ್ಕೆ ಮುಂಚೆ ಪಲ್ಯದ ಹಬ್ಬ ಎಂದು ಮಾಡಿ, ಕಾಯಿ ಸೊಪ್ಪುಗಳಿಂದ ನೂರೆಂಟು ಬಗೆಯ ಅಡಿಗೆ ಮಾಡಿ ಎಡೆ ಹಿಡಿಯುತ್ತಾರೆ. ನೂರೆಂಟು! ನಮಗೋ ಬುಧವಾರ ಬಂತೆಂದರೆ "ಇವತ್ತು ಏನು ಪಲ್ಯ" ಎಂದು ತಲೆ ಕೆರೆದುಕೊಳ್ಳುವ ಪಾಡು.

ಗುಡಿಯ ಮುಂದೆ, ಹೊಂಡದ ಕಟ್ಟೆಯ ಕಡೆ, ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಅವರ ಕೈಯ ಊಟ ಮಾಡದೆ ಬಂದರೆ ಬನಶಂಕರಿಗೆ ಹೋಗಿಬಂದದ್ದು ಅರ್ಧ ಎಂದೇ ನನ್ನ ಲೆಕ್ಕ. ಎರಡು ಜೋಳದ ರೊಟ್ಟಿ, ಅದರ ಮೇಲೇ ಬದನೆಕಾಯಿ ಪಲ್ಯ, ಕಾಳುಪಲ್ಯ, ಗುರೆಳ್ಳು ಚಟ್ನಿ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನನಗೆ ಬಡಿಸಿದ ಅಜ್ಜಿಗೆ ಎಪ್ಪತ್ತರ ಹತ್ತಿರ ಇರಬೇಕು. "ಇನ್ನೊಂದ ರೊಟ್ಟಿ ಹಚ್ಚರಿ ಅಕ್ಕಾರ, ನಾಚಬ್ಯಾಡ್ರಿ" ಎಂದು ನಾನು ಕೇಳುವ ಮೊದಲೇ ಹಾಕಿದರು.

"ದಿನಾ ಇಷ್ಟೊಂದು ಹೇಗೆ ಮಾಡ್ತೀರಿ ಅಜ್ಜಿ, ಎಷ್ಟು ಹೊತ್ತಿಗೆ ಏಳ್ತೀರಿ?" ಎಂದು ಕೇಳಿದೆ.

"ದಿನಾ ಎಲ್ಲಾ ಮಾಡಾಕ ನಮಗೇನ ಹತ್ತ ಕೈ ಅದಾವೇನ್ರಿ? ಖಾರಾ ಮೊದಲ ಹುರದ ಕುಟ್ಟಿ ಇಟ್ಟಿರ್ತೀವಿ. ರೊಟ್ಟಿ ನಿನ್ನೆ ಮೊನ್ನೀವೂ ಇರ್ತಾವ. ಮುಂಜಾನೆ ಎದ್ದು ಪಲ್ಯಾ ಅಷ್ಟ ಬೇಸೂದು. ಖಾರಾ ಮನ್ಯಾಗಿದ್ರ ಅರ್ಧಾ ಅಡಗಿ ಆದಂಗ" ಎಂದರು.

ಈ ಮಾತನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡು ತಂಗಿಯ ಮನೆಗೆ ಬಂದೆ. ಯಾಕೆಂದರೆ ಆ ಮನೆಯಲ್ಲಿ ಆಗ ಇದೇ ಒಂದು ದೊಡ್ಡ ಪಂಚಾಯಿತಿ ನಡೆದಿತ್ತು.

ತಂಗಿಯ ಸೊಸೆ ಬಾಗಲಕೋಟೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಎಂಟರ ಬಸ್ಸು, ಮರಳುವಾಗ ಏಳು ಗಂಟೆ. ನಾಲ್ಕು ವರ್ಷದ ಮಗು. ತಂಗಿಗೆ ಮಂಡಿನೋವು, ಒಲೆಯ ಮುಂದೆ ಹೊತ್ತುಗಟ್ಟಲೆ ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ. ಮನೆಯಲ್ಲಿ ಆರು ಜನ. ಅವರಲ್ಲಿ ತಂಗಿಯ ಅತ್ತೆ, ಎಂಬತ್ತು ದಾಟಿದ ಹಿರಿಜೀವ, ಎಲ್ಲರೂ 'ಆಯಿ' ಎನ್ನುತ್ತಾರೆ. ಆಯಿಯದು ಒಂದೇ ನಿಯಮ: ಒಲೆಯಿಂದ ಇಳಿಸಿದ್ದು ಆವತ್ತೇ ಮುಗಿಯಬೇಕು. "ನಿನ್ನೀದು ನನ್ನ ಎಡಿಗೆ ಹಾಕಬ್ಯಾಡ್ರಿ." ಹೀಗಾಗಿ ಆ ಹುಡುಗಿ ನಾಲ್ಕೂವರೆಗೆ ಎದ್ದು ರೊಟ್ಟಿ, ಪಲ್ಯ, ಅನ್ನ, ಸಾರು ಮುಗಿಸಿ ಬಸ್ಸಿಗೆ ಓಡುವುದು, ಸಂಜೆ ಬಂದು ಸೀರೆ ಬದಲಾಯಿಸುವ ಮುಂಚೆಯೇ ಮತ್ತೆ ಒಲೆ ಹಚ್ಚುವುದು. ಎರಡು ಸಲ ತಲೆಸುತ್ತಿ ಬಿದ್ದಳು. ಡಾಕ್ಟರು ರಕ್ತ ಕಡಿಮೆ ಎಂದರು. ಆಗ ಮನೆಯ ಗಂಡಸರು ಕೂತು ಯೋಚಿಸಿ ಕಂಡುಹಿಡಿದ ಉಪಾಯ ಏನು ಗೊತ್ತೆ? "ಕೆಲಸ ಬಿಟ್ಟುಬಿಡಲಿ." ಮನೆ ಕಟ್ಟಿಸಿದ ಸಾಲದ ಕಂತು ಹೋಗುವುದು ಅವಳ ಸಂಬಳದಿಂದಲೇ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಿಗೆ ಬರಲಿಲ್ಲ, ಅಥವಾ ಬಂದರೂ ಬಾಯಿಗೆ ಬರಲಿಲ್ಲ.

ಹುಡುಗಿ ಜಗಳ ಆಡಲಿಲ್ಲ. ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ದೊಡ್ಡತ್ತಿ, ವಾರಕ್ಕ ಒಂದ ಮುಂಜಾನೆ ಪೂರಾ ಅಡಗೀಗೇ ಕೊಡ್ತೀನಿ. ಉಳದ ಮುಂಜಾನಿ ನಂಗ ಸ್ವಲ್ಪ ಬಿಡಂತ ಹೇಳ್ರಿ."

ಇದರಲ್ಲಿ ಅನ್ಯಾಯದ ಮಾತೇನಿದೆ, ನೀವೇ ಹೇಳಿ. ನಾನು ಆಯಿಯ ಪಕ್ಕ ಕೂತು ಅಡಿಕೆ ಕತ್ತರಿಸಿಕೊಡುತ್ತಾ ಮಾತು ತೆಗೆದೆ. ಆಯಿ ಸಣ್ಣವರಿದ್ದಾಗ ಅವರ ತವರಿನಲ್ಲಿ ಹಬ್ಬ, ಸುಗ್ಗಿ, ಜಾತ್ರೆಗೆ ಎಷ್ಟು ದಿನದ ರೊಟ್ಟಿ ಮಾಡಿಡುತ್ತಿದ್ದರು ಎಂದು ಕೇಳಿದೆ. "ಹದಿನೈದ ದಿನದ್ದು. ಬುಟ್ಟಿಗಟ್ಟಲೆ ಬಡದು ಒಣಾ ಹಾಕೂದು. ನಮ್ಮವ್ವನ ರೊಟ್ಟಿ ತಿಂಗಳಿಟ್ರೂ ಏನಾಗ್ತಿದ್ದಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಜೊತೆಗೆ ಏನು? "ಶೇಂಗಾ ಹಿಂಡಿ, ಅಗಸಿ ಹಿಂಡಿ, ರಂಜಕ." ಅವೆಷ್ಟು ದಿನದವು? ಆಯಿ ನನ್ನ ಮುಖ ನೋಡಿದರು. ನಾನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ತಿಳಿಯಿತು. "ಭಾಳ ಶಾಣ್ಯಾಕಿ ಅದಿ" ಎಂದು ನಕ್ಕು ಎಲೆಗೆ ಸುಣ್ಣ ಹಚ್ಚಿಕೊಂಡರು. ಒಪ್ಪಿದರೆಂದು ಹೇಳಲಾರೆ, ಬೇಡವೆಂದೂ ಹೇಳಲಿಲ್ಲ. ನಮಗೆ ಅಷ್ಟು ಸಾಕಾಯಿತು.

ಆ ಭಾನುವಾರ ಮಾಡಿದ್ದನ್ನು ಅಳತೆಯ ಸಮೇತ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಮೊದಲು ಖಾರ, ಅಂದರೆ ವಾರದ ಪಲ್ಯಗಳಿಗೆಲ್ಲ ಆಗುವ ಮಸಾಲೆ ಪುಡಿ. ಶೇಂಗಾ ಎರಡು ಬಟ್ಟಲು, ಬಿಳಿ ಎಳ್ಳು ಅರ್ಧ ಬಟ್ಟಲು, ಗುರೆಳ್ಳು (ನಮ್ಮ ಕಡೆ ಹುಚ್ಚೆಳ್ಳು ಎನ್ನುತ್ತೇವೆ) ಅರ್ಧ ಬಟ್ಟಲು, ತುರಿದ ಒಣಕೊಬ್ಬರಿ ಒಂದು ಬಟ್ಟಲು, ಹವೀಜ ಅಂದರೆ ಕೊತ್ತಂಬರಿ ಬೀಜ ನಾಲ್ಕು ಚಮಚ, ಜೀರಿಗೆ ಎರಡು ಸಣ್ಣ ಚಮಚ, ಆರು ಲವಂಗ, ಎರಡು ಬೆರಳಗಲ ಚಕ್ಕೆ, ಹದಿನೈದರಿಂದ ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು, ಅರಿಶಿನ. ಬ್ಯಾಡಗಿಯದು ಬಣ್ಣ ಹೆಚ್ಚು, ಉರಿ ಕಡಿಮೆ. ಬೇರೆ ಮೆಣಸಿನಕಾಯಿ ಹಾಕುವವರು ಎಣಿಕೆ ಇಳಿಸಿ. ಒಂದೊಂದನ್ನೂ ಬೇರೆ ಬೇರೆಯಾಗಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹುರಿಯಬೇಕು. ಎಲ್ಲ ಒಟ್ಟಿಗೆ ಸುರಿದರೆ ಶೇಂಗಾ ಹಸಿ ಉಳಿಯುತ್ತದೆ, ಎಳ್ಳು ಸೀದುಹೋಗುತ್ತದೆ. ಕರಿಬೇವು ಮುರಿದರೆ ಚಟ್ಟನೆ ಒಡೆಯುವಷ್ಟು ಒಣಗಲಿ, ಅದರಲ್ಲಿ ನೀರಿನ ಅಂಶ ಉಳಿದರೆ ಪುಡಿಯೆಲ್ಲ ಕೆಡುತ್ತದೆ. ಪೂರ್ತಿ ಆರಿದ ಮೇಲೆ ಮಿಕ್ಸಿಗೆ. ಮೆಣಸಿನಕಾಯಿ, ಹವೀಜ, ಮಸಾಲೆ ಸಾಮಾನು ಮೊದಲು ನುಣ್ಣಗಾಗಲಿ. ಶೇಂಗಾ, ಎಳ್ಳು ಕಡೆಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಸುಮಾರು ನಾಲ್ಕು ಬಟ್ಟಲು ಪುಡಿ ಬಂತು. ಒಣಗಿದ ಗಾಜಿನ ಭರಣಿಯಲ್ಲಿ, ಒಣಗಿದ ಚಮಚದೊಂದಿಗೆ, ಮೂರು ವಾರಕ್ಕೆ ಮೋಸವಿಲ್ಲ. ಆಮೇಲೆ ಶೇಂಗಾ, ಕೊಬ್ಬರಿ ಕಮಟು ವಾಸನೆ ಹಿಡಿಯಲು ಶುರುವಾಗುತ್ತವೆ.

ಶೇಂಗಾದ ಸಿಪ್ಪೆ ಉಜ್ಜಿ ಕೇರಿದ್ದು ಯಾರು ಅಂದುಕೊಂಡಿರಿ? ತಂಗಿಯ ಮಗರಾಯ. ಮೊರ ಹಿಡಿದು ಅಂಗಳದಲ್ಲಿ ನಿಂತಾಗ ಸಿಪ್ಪೆಯ ಜೊತೆಗೆ ಅರ್ಧ ಶೇಂಗಾವೂ ಹಾರಿತು, ಪಕ್ಕದ ಮನೆಯ ಕೋಳಿಗಳಿಗೆ ಹಬ್ಬ. ಮುಂದಿನ ವಾರ ಕಲಿಯುತ್ತಾನೆ ಬಿಡಿ.

ಇನ್ನು ಎಣ್ಣೆಗಾಯಿ. ಸಣ್ಣ, ಎಳೆಯ, ಮುಳ್ಳುತೊಟ್ಟಿನ ಬದನೆಕಾಯಿ ಒಂದು ಕಿಲೋ. ಆ ಕಡೆ ಇದನ್ನು ಮುಳಗಾಯಿ ಎನ್ನುತ್ತಾರೆ. ಒತ್ತಿದರೆ ಗಟ್ಟಿಯಾಗಿರಬೇಕು, ಹಿಡಿದರೆ ಹಗುರ ಇರಬೇಕು. ಭಾರವಿದ್ದರೆ ಒಳಗೆ ಬರೀ ಬೀಜ. ತೊಟ್ಟು ತೆಗೆಯದೆ, ಕೆಳಗಿನಿಂದ ನಾಲ್ಕು ಸೀಳು ಮಾಡಿ ಉಪ್ಪುನೀರಿಗೆ ಹಾಕಿ. ಮೂರು ದೊಡ್ಡ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ ಹೆಚ್ಚಿ ಎಣ್ಣೆಯಲ್ಲಿ ಕೆಂಪಗೆ ಹುರಿದುಕೊಳ್ಳಿ. ಆವತ್ತೇ ತಿಂದು ಮುಗಿಸುವುದಾದರೆ ಹಸಿ ಈರುಳ್ಳಿ ನಡೆಯುತ್ತದೆ, ಇಟ್ಟುಕೊಳ್ಳುವ ಪಲ್ಯಕ್ಕೆ ಹುರಿದದ್ದೇ ಸರಿ. ಇದಕ್ಕೆ ಒಂದೂಕಾಲು ಬಟ್ಟಲು ಖಾರ, ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಸಣ್ಣ ತುಂಡು ಬೆಲ್ಲ, ಉಪ್ಪು ಕಲಸಿ ಕಾಯಿಗಳಿಗೆ ತುಂಬಿ.

ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಬಟ್ಟಲು ಎಣ್ಣೆ. ಹುಬ್ಬೇರಿಸಬೇಡಿ, ಹೆಸರೇ ಎಣ್ಣೆಗಾಯಿ! ಅಲ್ಲಿಯವರು ಹಿಂದೆ ಕುಸುಬೆ ಎಣ್ಣೆ ಹಾಕುತ್ತಿದ್ದರು, ಈಗ ಹೆಚ್ಚಾಗಿ ಶೇಂಗಾ ಎಣ್ಣೆ. ಸಾಸಿವೆ, ಜೀರಿಗೆ, ಇಂಗು, ಕರಿಬೇವು ಒಗ್ಗರಣೆಗೆ ಹಾಕಿ, ಕಾಯಿಗಳನ್ನು ಜೋಡಿಸಿ, ಮೇಲೆ ಅಂಚಿರುವ ತಟ್ಟೆ ಮುಚ್ಚಿ ಅದರಲ್ಲಿ ನೀರು ಹಾಕಿಡಿ. ಆವಿ ತಟ್ಟೆಯ ತಳಕ್ಕೆ ತಾಗಿ ಮತ್ತೆ ಪಲ್ಯಕ್ಕೇ ಬೀಳುತ್ತದೆ, ತಳ ಹಿಡಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ಕಾಯಿ ಒಡೆಯದ ಹಾಗೆ ತಿರುವಿ, ಉಳಿದ ಮಸಾಲೆಗೆ ಎರಡು ಬಟ್ಟಲು ಬಿಸಿನೀರು ಸೇರಿಸಿ ಸುರಿಯಿರಿ. ತಟ್ಟೆಯ ಮೇಲೆ ಬಿಸಿಯಾಗಿರುವ ನೀರನ್ನೇ ಇದಕ್ಕೆ ಬಳಸಬಹುದು. ಇನ್ನು ಇಪ್ಪತ್ತು ನಿಮಿಷ ಸಣ್ಣ ಉರಿ. ಎಣ್ಣೆ ಅಂಚಿಗೆ ಬಿಟ್ಟುಕೊಂಡು ತೊಟ್ಟು ಮೆತ್ತಗಾದರೆ ಇಳಿಸಿ.

ಈಗ ಮುಖ್ಯ ಮಾತಿಗೆ ಬರೋಣ. ವಾರದ ಪಲ್ಯವನ್ನೆಲ್ಲ ಒಂದೇ ದಿನ ಬೇಯಿಸಿ ಏಳು ದಿನ ತಿನ್ನುವುದು ನನಗೆ ಒಪ್ಪಿಗೆಯಲ್ಲ. ಬೆಂದ ಪಲ್ಯ ಫ್ರಿಜ್ಜಿನಲ್ಲಿ ಮೂರು ದಿನ, ಹೆಚ್ಚೆಂದರೆ ನಾಲ್ಕು. ಅದಕ್ಕೇ ಭಾನುವಾರ ಎಣ್ಣೆಗಾಯಿ ಮಾಡಿ ಮಂಗಳವಾರಕ್ಕೆ ಮುಗಿಸುವುದು. ಬುಧವಾರ ಅದೇ ಖಾರ ಹಾಕಿ ಮಡಕೆ ಕಾಳಿನ ಪಲ್ಯ. ಕಾಳು ಸೋಮವಾರ ರಾತ್ರಿ ನೆನೆಹಾಕಿ ಮಂಗಳವಾರ ಬಟ್ಟೆಯಲ್ಲಿ ಕಟ್ಟಿಟ್ಟರೆ ಬುಧವಾರ ಮೊಳಕೆ ಸಿದ್ಧ. ಶುಕ್ರವಾರ ಹೀರೆಕಾಯಿಯೋ ದೊಣ್ಣಮೆಣಸಿನಕಾಯಿಯೋ. ಖಾರ ಸಿದ್ಧವಿರುವುದರಿಂದ ಬುಧವಾರದ ಪಲ್ಯಕ್ಕೆ ಅರ್ಧ ಗಂಟೆ ಸಾಕು, ನಾಲ್ಕೂವರೆಗೆ ಏಳಬೇಕಾಗಿಲ್ಲ. ಗುಡಿಯ ಅಜ್ಜಿ ಹೇಳಿದ್ದೂ ಇದನ್ನೇ ಅಲ್ಲವೆ?

ಪಲ್ಯ ಕೆಡುವುದು ಒಲೆಯಿಂದ ಇಳಿಸಿದ ಮೇಲೆ, ಅರೆಬೆಚ್ಚಗೆ ಕೂತಿರುವ ಹೊತ್ತಿನಲ್ಲಿ. ದೊಡ್ಡ ಪಾತ್ರೆಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ "ತಣ್ಣಗಾಗಲಿ" ಎಂದು ಬಿಡಬೇಡಿ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಬೇಗ ಆರಿಸಿ, ಎರಡು ಗಂಟೆಯ ಒಳಗೆ ಸಣ್ಣ ಸಣ್ಣ ಸ್ಟೀಲು ಡಬ್ಬಿಗಳಿಗೆ ತುಂಬಿ ಫ್ರಿಜ್ಜಿಗೆ ಸೇರಿಸಿ. ಒಂದು ಹೊತ್ತಿಗೆ ಒಂದು ಡಬ್ಬಿ. ತೆಗೆದದ್ದನ್ನು ಕುದಿ ಬರುವಂತೆ ಬಿಸಿ ಮಾಡಿ, ಉಳಿದರೆ ಮತ್ತೆ ಒಳಗಿಡಬೇಡಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ ಬೇಡವೇ ಬೇಡ. ಹಸಿ ತೆಂಗಿನಕಾಯಿ ಹಾಕಿದ ಪಲ್ಯವನ್ನು ಇಡುವ ಆಸೆ ಬಿಡಿ, ಕಾಯಿತುರಿ ಬೇಕಾದರೆ ಬಡಿಸುವಾಗ ಹಾಕಿಕೊಳ್ಳಿ. ನಾಲ್ಕು ಗಂಟೆಗಿಂತ ಹೆಚ್ಚು ಕರೆಂಟು ಹೋಗಿ ಫ್ರಿಜ್ಜು ನಿಂತಿದ್ದರೆ ಆ ಪಲ್ಯವನ್ನು ಚೆಲ್ಲಿಬಿಡಿ. ಮೂಸಿ ನೋಡಿ "ವಾಸನೆ ಇಲ್ಲ, ನಡೆಯುತ್ತೆ" ಎನ್ನುವುದು ನಮ್ಮೆಲ್ಲರ ಅಭ್ಯಾಸ, ಆದರೆ ಹೊಟ್ಟೆ ಕೆಡಿಸುವ ಕ್ರಿಮಿಗೆ ವಾಸನೆ ಇರಲೇಬೇಕೆಂದಿಲ್ಲ. ಮನೆಯಲ್ಲಿ ಎಳೆಮಕ್ಕಳು, ಬಸುರಿ, ವಯಸ್ಸಾದವರು ಇದ್ದರಂತೂ ಈ ಜಿಪುಣತನ ಬೇಡ. ಫ್ರಿಜ್ಜು ಇಲ್ಲದವರು ಖಾರ ಮಾತ್ರ ಮಾಡಿಟ್ಟುಕೊಳ್ಳಿ, ಪಲ್ಯ ಆಯಾ ದಿನ ಬೇಯಿಸಿ. ಲಾಭದಲ್ಲಿ ಮುಕ್ಕಾಲು ಪಾಲು ಅದರಲ್ಲೇ ಇದೆ.

ರೊಟ್ಟಿಯ ಮಾತು ಹೇಳಲೇ ಇಲ್ಲ. ಅದನ್ನು ಈಗ ಓಣಿಯ ಕೊನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರಿಂದ ತರಿಸುತ್ತಾರೆ. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಪಕ್ಕದ ಕಾವಿಗೆ ಒರಗಿಸಿ, ಹಪ್ಪಳದ ಹಾಗೆ ಕಡಕ್ ಮಾಡಿದ ರೊಟ್ಟಿ. ನೀರಿನ ಪಸೆ ಇಲ್ಲದ್ದಕ್ಕೆ ಬೂಸು ಹಿಡಿಯುವುದಿಲ್ಲ. ತಂಗಿಗೆ ಮೊದಲು ಸಂಕೋಚ, "ಮಂದಿ ಏನಂದಾರು, ಮನ್ಯಾಗ ಎರಡೆರಡು ಹೆಣ್ಣಮಕ್ಕಳಿದ್ದು ರೊಟ್ಟಿ ಕೊಂಡ ತಿಂತಾರಂತ" ಎಂದು. ಆ ರೊಟ್ಟಿ ಬಡಿಯುವವರ ಮಕ್ಕಳ ಫೀಸು ಈ ದುಡ್ಡಿನಿಂದಲೇ ಹೋಗುತ್ತದೆ ಎಂದು ತಿಳಿದ ಮೇಲೆ ಸುಮ್ಮನಾದಳು.

ಸೋಮವಾರ ಮಧ್ಯಾಹ್ನ ಆಯಿಗೆ ಹೊಸದಾಗಿ ಹೆಸರುಬೇಳೆ ಬೇಯಿಸಿ ಬಡಿಸಿದೆವು. ಅವರ ನಿಯಮ ಅವರದು, ಎಂಬತ್ತರ ಮೇಲೆ ಯಾರನ್ನೂ ಬದಲಾಯಿಸಲು ಹೋಗಬಾರದು. ಆದರೆ ನಾವು ಡಬ್ಬಿ ತೆಗೆದು ಎಣ್ಣೆಗಾಯಿ ಬಿಸಿ ಮಾಡಿದಾಗ ಘಮ ಪಡಸಾಲೆಗೆ ಹೋಯಿತು. ರಾತ್ರಿಯೆಲ್ಲ ಮಸಾಲೆ ಹೀರಿದ ಕಾಯಿಗೆ ಮರುದಿನ ಒಂದು ರುಚಿ ಜಾಸ್ತಿಯೇ. "ಏನದು?" ಎಂದರು ಆಯಿ. "ನಿನ್ನೀದು ಆಯಿ" ಎಂದಳು ಸೊಸೆ, ಸುಳ್ಳು ಹೇಳದೆ. ಸ್ವಲ್ಪ ಹೊತ್ತು ಬಿಟ್ಟು, "ರಸಾ ಅಷ್ಟ ಹಾಕು ನೋಡೂಣು" ಎಂದರು. ಕಾಯಿ ಮುಟ್ಟಲಿಲ್ಲ. ರಸದಲ್ಲಿ ರೊಟ್ಟಿ ಅದ್ದಿ ಎರಡು ತುತ್ತು ತಿಂದರು, ಏನೂ ಹೇಳಲಿಲ್ಲ.

ನಾನು ಹೊರಡುವ ದಿನ ಆ ಹುಡುಗಿ ಆರು ಗಂಟೆಗೆ ಎದ್ದಳು. ಮಗುವಿಗೆ ತಾನೇ ಜಡೆ ಹಾಕಿ ಬಸ್ಸಿಗೆ ಹೋದಳು. ಕೆಲಸದ ಮಾತು ಮನೆಯಲ್ಲಿ ಪೂರ್ತಿ ಮುಗಿದಿಲ್ಲ. ಯುಗಾದಿಯವರೆಗೆ ನೋಡೋಣ ಎಂದು ಮುಂದಕ್ಕೆ ಹಾಕಿದ್ದಾರೆ. ರಕ್ತಕ್ಕೆ ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸಬೇಡ ಎಂದು ನಾನು ಫೋನಿನಲ್ಲಿ ನೆನಪಿಸುತ್ತಿರುತ್ತೇನೆ.

ನೀವು ಬಾದಾಮಿಗೆ ಹೋಗುವುದಾದರೆ ಬನದ ಹುಣ್ಣಿಮೆಯ ಹೊತ್ತಿಗೇ ಹೋಗಿ. ಜನವರಿಯಲ್ಲೋ ಅದರ ಆಸುಪಾಸಿನಲ್ಲೋ ಬರುತ್ತದೆ, ಪಂಚಾಂಗ ನೋಡಿಕೊಳ್ಳಿ. ತೇರಾದ ಮೇಲೂ ವಾರಗಟ್ಟಲೆ ಜಾತ್ರೆ ಇರುತ್ತದೆ, ನಾಟಕ ಕಂಪನಿಗಳು ಡೇರೆ ಹಾಕಿರುತ್ತವೆ. ಊಟಕ್ಕೆ ಹೋಟೆಲು ಹುಡುಕದೆ ಸೀದಾ ಗುಡಿಯ ಮುಂದಿನ ಬುಟ್ಟಿಗಳ ಹತ್ತಿರ ಕೂತುಬಿಡಿ. ಜೊತೆಗೆ ಬಿಗಿ ಮುಚ್ಚಳದ ಒಂದು ಖಾಲಿ ಡಬ್ಬಿ ಇಟ್ಟುಕೊಂಡಿರಿ, ಗುರೆಳ್ಳು ಚಟ್ನಿ ಕಟ್ಟಿಸಿಕೊಂಡು ಬರಲಿಕ್ಕೆ. ಮೊಸರಿನ ಕುಡಿಕೆ ಚೆಂದ ಕಂಡಿತೆಂದು ತರಲು ಹೋಗಬೇಡಿ, ಹುಬ್ಬಳ್ಳಿ ಬರುವುದರೊಳಗೆ ಒಡೆದಿರುತ್ತದೆ.